ಮೇರಿಬಾಯಿಯ ಹಂಡೆ

ಹನ್ನೆರಡು ಗಂಟೆಗೆ ಎಪ್ಪತ್ತೆರಡು ಡಿಗ್ರಿ ಇದ್ದ ಬೇಳೆಸಾರು ಒಂದೂಕಾಲಿಗೆ ಐವತ್ನಾಲ್ಕಕ್ಕೆ ಇಳಿದಿತ್ತು. ಮೊದಲ ದಿನ ನಾನೇ ತಪ್ಪು ಓದಿದೆನೆಂದುಕೊಂಡು ಥರ್ಮಾಮೀಟರಿನ ಕಡ್ಡಿಯನ್ನು ಒರೆಸಿ ಮತ್ತೊಮ್ಮೆ ಅದ್ದಿದೆ. ಐವತ್ನಾಲ್ಕೇ. ಎರಡನೆಯ ದಿನ ಐವತ್ತಾರು, ಮೂರನೆಯ ದಿನ ಐವತ್ಮೂರು. ಅರವತ್ತೈದಕ್ಕಿಂತ ಕೆಳಗಿಳಿದರೆ ಕೆಂಪು ಶಾಯಿಯಲ್ಲಿ ಬರೆಯಬೇಕೆಂದು ನಿಯಮ ಮಾಡಿದವಳು ನಾನೇ. ಒಂದು ವಾರ ಕಳೆಯುವಷ್ಟರಲ್ಲಿ ನನ್ನ ರಜಿಸ್ಟರಿನ ಪುಟ ತುಂಬ ಕೆಂಪು ಅಂಕಿಗಳು. 

ಅದು ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ. ಪುಣೆಯ ಹತ್ತಿರದ ತಳೇಗಾಂವದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯ ಕ್ಯಾಂಟೀನಿಗೆ ಸೂಪರ್‌ವೈಸರ್ ಆಗಿ ಸೇರಿ ಮೂರು ತಿಂಗಳಾಗಿತ್ತು. ಇನ್ನೂ ಮೂರು ತಿಂಗಳು ಪ್ರೊಬೇಶನ್ ಬಾಕಿ. ನಾನು ಸೇರುವ ಮೊದಲು ಒಂದು ಮಧ್ಯಾಹ್ನ ಬೇಳೆ ಹಳಸಿ, ಕಾರ್ಮಿಕರು ಆ ಪಾತ್ರೆಯನ್ನೇ ಹೊತ್ತು ತಂದು ಪರ್ಸೊನೆಲ್ ಆಫೀಸರ ಮೇಜಿನ ಮೇಲೆ ಇಟ್ಟಿದ್ದರಂತೆ. ಆಫೀಸರು ಅದನ್ನು ಮರೆತಿರಲಿಲ್ಲ. ಕೇಟರಿಂಗ್ ಡಿಪ್ಲೊಮಾ ಮಾಡಿದವರೊಬ್ಬರು ಬೇಕೆಂದು ನನ್ನನ್ನು ತೆಗೆದುಕೊಂಡದ್ದೂ, ಊಟ ಬಿಸಿಯಾಗಿಡುವ ಹೊಸ ಕೌಂಟರನ್ನು ತರಿಸಿದ್ದೂ ಆ ಪಾತ್ರೆಯ ದೆಸೆಯಿಂದ. ಜನವರಿ ಕೊನೆಗೆ ಹೊರದೇಶದ ಗಿರಾಕಿ ಕಂಪನಿಯವರು ಕಾರ್ಖಾನೆ ನೋಡಲು ಬರುವವರಿದ್ದರು. ಅವರು ಕ್ಯಾಂಟೀನನ್ನೂ ನೋಡುತ್ತಾರೆ, ರಜಿಸ್ಟರನ್ನೂ ಕೇಳುತ್ತಾರೆ ಎಂದು ಆಫೀಸರು ಎರಡು ಸಲ ಹೇಳಿದ್ದರು.

ಅಡುಗೆಮನೆಯಲ್ಲಿ ಎಂಟು ಜನ ಹೆಂಗಸರು. ಮೂವರು ಮರಾಠಿಯವರು, ಉಳಿದವರು ಯಾದಗಿರಿ, ಶಹಾಪುರದ ಕಡೆಯವರು. ಗಂಡಂದಿರ ಕಟ್ಟಡದ ಕೆಲಸದ ಜೊತೆ ಬಂದು ಇಲ್ಲೇ ನೆಲೆನಿಂತವರು. ಇವರಿಗೆಲ್ಲ ಹಿರಿಯಳನ್ನು ಪುಣೆಯ ರೂಢಿಯಂತೆ ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ಐವತ್ತರ ಆಸುಪಾಸಿನ, ಕಡಿಮೆ ಮಾತಿನ ಹೆಂಗಸು. ಧಾರವಾಡದವಳಾದ ನನ್ನ ಕನ್ನಡ ಕೇಳಿದ ದಿನ ಮಾತ್ರ ಆಕೆಯ ಮುಖ ಅರಳಿತ್ತು. "ನಮ್ಮವರ ಬಂದ್ರು ಬಿಡ್ರಿ," ಅಂದಿದ್ದಳು.

ಹೊಸ ಕೌಂಟರಿನ ಹೆಸರು ಬೇನ್ ಮೇರಿ. ಉದ್ದನೆಯ ಸ್ಟೀಲಿನ ತೊಟ್ಟಿ, ಅದರ ತಳದಲ್ಲಿ ಕರೆಂಟಿನ ಕಾಯಿಲ್. ತೊಟ್ಟಿಯ ತುಂಬ ನೀರು. ಮೇಲೆ ಸಾಲಾಗಿ ಐದು ಪಾತ್ರೆ ಇಳಿಬಿಟ್ಟರೆ ಅವುಗಳ ತಳ ನೀರಿನಲ್ಲಿ ಮುಳುಗಿರುತ್ತದೆ. ಕಾಯಿಲ್ ಪಾತ್ರೆಗೆ ತಾಗುವುದಿಲ್ಲ, ನೀರು ಕುದಿಯುವುದಕ್ಕಿಂತ ಹೆಚ್ಚು ಬಿಸಿಯಾಗುವುದಿಲ್ಲ, ಹೀಗಾಗಿ ಬೇಳೆ ಸೀಯುವುದೂ ಇಲ್ಲ, ಆರುವುದೂ ಇಲ್ಲ. ತೊಟ್ಟಿಯ ಒಳಗೆ ನೀರಿನ ಮಟ್ಟಕ್ಕೊಂದು ಗೆರೆ, ಕೆಳಗೆ ನೀರು ಬಿಡಲಿಕ್ಕೊಂದು ನಲ್ಲಿ. ಇಷ್ಟೇ ಇದರ ಸಂಗತಿ. ಇಷ್ಟನ್ನೇ ಹೇಳಿ ನಾನು ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆದರೆ ನನಗೆ ಶಬ್ದಗಳ ಹುಚ್ಚು. ಡಿಪ್ಲೊಮಾ ಓದುವಾಗ ಅಡುಗೆಮನೆಯ ಫ್ರೆಂಚ್ ಮಾತುಗಳನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಅರ್ಥಸಹಿತ ಬರೆದಿಟ್ಟುಕೊಂಡಿದ್ದೆ. ಜೊತೆಯವರು ಅದನ್ನು ನನ್ನ ಜಪದ ಪುಸ್ತಕ ಎಂದು ಆಡಿಕೊಳ್ಳುತ್ತಿದ್ದರು. ಕೌಂಟರು ಬಂದ ದಿನ ಎಂಟೂ ಜನರನ್ನು ಅದರ ಸುತ್ತ ನಿಲ್ಲಿಸಿ, ನಲ್ಲಿ, ಗುಂಡಿ, ಗೆರೆ ಎಲ್ಲ ತೋರಿಸಿ, ತಡೆಯಲಾರದೆ ಹೆಸರಿನ ಹುಟ್ಟಿಗೂ ಇಳಿದೆ.

"ಇದು ಫ್ರೆಂಚ್ ಮಂದಿ ಮಾತು. ಬೇನ್ ಅಂದ್ರ ಸ್ನಾನ. ಮೇರಿ ಅಂದ್ರ ಒಬ್ಬಾಕಿ ಹೆಣ್ಮಗಳು. ಏಸುವಿನ ತಾಯಿ ಅಂತೂ ಕೆಲವರು ಹೇಳ್ತಾರ, ಆದ್ರ ಭಾಳ ಮಂದಿ ಹೇಳೂದು ಬ್ಯಾರೆ. ಸಾವಿರಾರು ವರ್ಷದ ಹಿಂದ ಈಜಿಪ್ಟಿನಾಗ ಮೇರಿ ಅನ್ನೂ ಯಹೂದಿ ಹೆಂಗಸೊಬ್ಬಾಕಿ ರಸವಿದ್ಯಾ ಮಾಡತಿದ್ಲಂತ. ಔಷಧ ಸೀದು ಹೋಗಬಾರದು ಅಂತ ಪಾತ್ರಿನ ಬಿಸಿನೀರಾಗ ಇಡತಿದ್ಲು. ಅದಕ್ಕ ಲ್ಯಾಟಿನ್‌ದಾಗ ಮೇರಿಯ ಸ್ನಾನ ಅಂತ ಹೆಸರು ಬಿತ್ತು, ಅಲ್ಲಿಂದ ಫ್ರೆಂಚಿಗೆ ಬಂತು, ಅಲ್ಲಿಂದ ನಮ್ಮ ತಳೇಗಾಂವಕ್ಕ ಬಂತು."

ಹೆಂಗಸರು ನಕ್ಕರು. ಒಬ್ಬಳು, "ಹಂಗಾರ ಇದು ಬಚ್ಚಲ ಹಂಡೆ ಇದ್ದಂಗ ಅಲ್ಲೇನ್ರಿ ಅಕ್ಕಾರ?" ಅಂದಳು. ನನಗೆ ಆ ಮಾತು ಎಷ್ಟು ಹಿಡಿಸಿತೆಂದರೆ, "ಹೌದವಾ, ಹಂಡೆ ಅಂತನ ತಿಳೀರಿ. ಮೇರಿಬಾಯಿ ಹಂಡೆ. ಒಂದ ಮಾತು ನೆನಪಿಡ್ರಿ, ನೀರು ಈ ಗೆರೆಗಿಂತ ಕೆಳಗ ಯಾವತ್ತೂ ಇಳೀಬಾರದು," ಅಂದೆ. ಮಾವಶಿ ಬಗ್ಗಿ ಆ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಪಾಠ ಚೆನ್ನಾಗಿ ಆಯಿತೆಂದು ನಾನು ಬೀಗಿದೆ.

ಮುಂದಿನ ವಾರದಿಂದ ಕೆಂಪು ಅಂಕಿಗಳು ಶುರುವಾದವು.

ನಮ್ಮಲ್ಲಿ ಮಧ್ಯಾಹ್ನದ ಊಟ ಮೂರು ಪಂಕ್ತಿ. ಹನ್ನೆರಡಕ್ಕೆ ಮೊದಲ ಪಂಕ್ತಿ ಕೂರುವ ಮುನ್ನ ಒಂದು ಸಲ, ಒಂದೂಕಾಲಿಗೆ ಕೊನೆಯ ಪಂಕ್ತಿಗೆ ಬಡಿಸುವಾಗ ಇನ್ನೊಂದು ಸಲ ಅಳೆಯುತ್ತಿದ್ದೆ. ನಡುವಿನ ಹೊತ್ತು ನಾನು ಊಟದ ಹಾಲಿನಲ್ಲಿ ನಿಂತು ಸಾಲು, ತಟ್ಟೆ, ದೂರು ನೋಡಿಕೊಳ್ಳುತ್ತಿದ್ದೆ. ಎಡವಟ್ಟಾಗುತ್ತಿದ್ದುದು ಆ ಒಂದೂಕಾಲು ತಾಸಿನಲ್ಲಿ ಎಂದು ಈಗ ಹೇಳುವುದು ಎಷ್ಟು ಸುಲಭ. ಆಗ ನನ್ನ ಅನುಮಾನ ಯಂತ್ರದ ಮೇಲಿತ್ತು.

ಕಾರ್ಖಾನೆಯ ಎಲೆಕ್ಟ್ರಿಶಿಯನ್ ಬಂದು ಕಾಯಿಲ್ ಬಿಚ್ಚಿದ. ಅದರ ಮೇಲೆ ತೆಳುವಾಗಿ ಸುಣ್ಣದ ಪದರ ಕೂತಿತ್ತು. ಕೆರೆದು ತೊಳೆದು ಮತ್ತೆ ಕೂರಿಸಿದ. ಮರುದಿನ ಐವತ್ತೈದು. ಥರ್ಮೋಸ್ಟ್ಯಾಟ್ ಬದಲಿಸಿದ. ಐವತ್ನಾಲ್ಕು. ನಾನು ಕುದಿಯುವ ನೀರಿನಲ್ಲಿ, ಐಸಿನಲ್ಲಿ ಥರ್ಮಾಮೀಟರನ್ನು ಅದ್ದಿ ಪರೀಕ್ಷಿಸಿದೆ, ಅದು ಸರಿಯಿತ್ತು. ಪಾತ್ರೆಗಳಿಗೆ ಮುಚ್ಚಳ ಹಾಕಿಸಿದೆ. ಡಿಸೆಂಬರಿನ ಗಾಳಿ ಬರುತ್ತದೆಂದು ಹಿಂದಿನ ಬಾಗಿಲಿಗೆ ಗೋಣಿ ಕಟ್ಟಿಸಿದೆ. ಒಂದು ದಿನ ಎಲೆಕ್ಟ್ರಿಶಿಯನ್ ಮೀಟರು ಹಿಡಿದು ಅರ್ಧ ತಾಸು ಕೂತು, ಕರೆಂಟು ಸರಿಯಾಗೇ ಬರುತ್ತಿದೆಯೆಂದು ತೋರಿಸಿ, "ಮ್ಯಾಡಮ್, ಮಶೀನ್ ಠೀಕ್ ಆಹೆ," ಎಂದು ಸಲಕರಣೆ ಕಟ್ಟಿಕೊಂಡ. ಮಶೀನು ಸರಿಯಿದ್ದರೆ ಸರಿಯಿಲ್ಲದವರು ಯಾರು ಎಂದು ಆತ ಕೇಳಲಿಲ್ಲ, ಕೇಳಿದಂತೆ ನನಗನಿಸಿತು.

ಬೆಳಗ್ಗೆ ಪುಣೆಯ ಶಿವಾಜಿನಗರದಲ್ಲಿ ಲೋಣಾವಳಾ ಲೋಕಲ್ ರೈಲು ಹತ್ತಿದರೆ ತಳೇಗಾಂವ ಬರುವ ತನಕ ತಲೆಯಲ್ಲಿ ಇದೇ ಲೆಕ್ಕ. ಊಟ ಸೇರುತ್ತಿರಲಿಲ್ಲ. ಇಡೀ ಕಾರ್ಖಾನೆಗೆ ಬಡಿಸುವವಳು ನನ್ನ ಡಬ್ಬಿಯನ್ನು ಮುಚ್ಚಿದಂತೆಯೇ ಮನೆಗೆ ಒಯ್ಯುತ್ತಿದ್ದೆ.

ಆಫೀಸರು ಕರೆಸಿದರು. ರಜಿಸ್ಟರನ್ನು ಪುಟ ಪುಟ ತಿರುವಿ, ಮರಾಠಿಯಲ್ಲಿ ತಣ್ಣಗೆ ಹೇಳಿದರು: "ಕಾರಣ ಬರೆದು ಕೊಡಿ. ಯಂತ್ರ ಸರಿಯಿದೆ ಎಂದು ಮೆಂಟೆನೆನ್ಸ್‌ನವರು ಬರೆದುಕೊಟ್ಟಿದ್ದಾರೆ. ಹಾಗಾದರೆ ಇದು ಯಾರದೋ ಅಲಕ್ಷ್ಯ. ಯಾರದೆಂದು ನೀವು ಹೇಳದಿದ್ದರೆ ಸೂಪರ್‌ವೈಸರದು ಎಂದು ನಾನು ಬರೆಯಬೇಕಾಗುತ್ತದೆ." ಎರಡು ದಿನ ಕೊಟ್ಟರು.

ಆ ಎರಡನೆಯ ದಿನ ಹಾಲಿನಿಂದ ಸ್ವಲ್ಪ ಬೇಗ ಒಳಗೆ ಬಂದೆ. ಕೌಂಟರಿನ ಕೆಳಗೆ ನೆಲ ಒದ್ದೆಯಾಗಿತ್ತು. ನಲ್ಲಿಯ ತುದಿಯಿಂದ ಇನ್ನೂ ಹನಿ ಬೀಳುತ್ತಿತ್ತು, ಕೈಯಿಟ್ಟರೆ ಬಿಸಿ. ಹತ್ತಿರದಲ್ಲಿ ಮಾವಶಿ ನಿಂತಿದ್ದಳು.

"ಮಾವಶಿ, ಇದರಾಗಿನ ನೀರು ಬಿಟ್ಟೀರೇನು?"

"ಹೌದ್ರಿ ಅಕ್ಕಾರ, ತೊಗೊಂಡೀನ್ರಿ."

"ದಿನಾ ತೊಗೋತೀರೇನು?"

"ದಿನಾ ತೊಗೋತೀವ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿನ ಜೊತೆಗೇ, ಹೇಳಲು ನಾಚಿಕೆಯಾದರೂ ಹೇಳುತ್ತೇನೆ, ದೊಡ್ಡ ಸಮಾಧಾನವೂ ಆಯಿತು. ಸಿಕ್ಕಿತು. ಕಾರಣ ಸಿಕ್ಕಿತು, ಹೆಸರೂ ಸಿಕ್ಕಿತು. ಆಕೆ ಇನ್ನೇನೋ ಹೇಳಲು ಬಾಯಿ ತೆರೆದಳು. "ಸಾಕು ಬಿಡ್ರಿ," ಎಂದು ತಿರುಗಿ ನಡೆದೆ. ಮುಚ್ಚಳ ತೆಗೆದು ತೊಟ್ಟಿಯೊಳಗೆ ನೋಡುವಷ್ಟು ವ್ಯವಧಾನವೂ ನನಗಿರಲಿಲ್ಲ. ಅಂದೇ ಇಂಗ್ಲಿಷಿನಲ್ಲಿ ವರದಿ ಬರೆದೆ: ಹಿರಿಯ ಅಡುಗೆಯಾಕೆ ಸೂಚನೆಯನ್ನು ಮೀರಿ ಪ್ರತಿದಿನ ನೀರನ್ನು ಹೊರಬಿಟ್ಟು ತೊಟ್ಟಿಯನ್ನು ಖಾಲಿ ಇಡುತ್ತಿದ್ದುದರಿಂದ ಆಹಾರದ ಬಿಸಿ ಇಳಿದಿದೆ. ಸಹಿ ಹಾಕಿ ಕೊಟ್ಟೆ. ಮರುದಿನದಿಂದ ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದು ಆಕೆಗೆ ಗೇಟಿನಲ್ಲೇ ಹೇಳಿ ಕಳಿಸಿದರು. ವಿಚಾರಣೆ ಬರೀ ಹೆಸರಿಗೆ, ಹದಿನೈದು ದಿನದಲ್ಲಿ ತೆಗೆದು ಹಾಕುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಆ ದಿನ ಒಂದೂಕಾಲಿಗೆ ಕಡ್ಡಿ ಅದ್ದಿದೆ. ಐವತ್ತೈದು.

 ಮಾವಶಿ ಮನೆಯಲ್ಲಿದ್ದಾಳೆ, ಬೇಳೆ ಮಾತ್ರ ಎಂದಿನಂತೆ ಆರಿದೆ. ಮರುದಿನ ಹಾಲಿಗೆ ಹೋಗದೆ ಅಡುಗೆಮನೆಯ ಮೂಲೆಯಲ್ಲಿ ರಜಿಸ್ಟರು ಹಿಡಿದು ನಿಂತೆ. ಮೊದಲ ಪಂಕ್ತಿ ಎದ್ದಿತು. ಜಿಡ್ಡಿನ ಪಾತ್ರೆಗಳು ತೊಳೆಯಲು ಬಂದು ಬಿದ್ದವು. ಶಹಾಪುರದ ಕಡೆಯ ಕಿರಿಯ ಹೆಂಗಸೊಬ್ಬಳು ಬಕೆಟು ತಂದು ಬೇನ್ ಮೇರಿಯ ನಲ್ಲಿ ತಿರುಗಿಸಿದಳು. ಹಬೆಯಾಡುವ ನೀರು ಬಕೆಟಿಗೆ ತುಂಬಿತು. ಅದನ್ನು ಪಾತ್ರೆಗಳ ಮೇಲೆ ಸುರಿದಳು. ಆಮೇಲೆ ಅದೇ ಬಕೆಟನ್ನು ತಣ್ಣೀರಿನ ನಲ್ಲಿಗೆ ಒಡ್ಡಿ ತುಂಬಿಸಿ, ತುದಿಯ ಪಾತ್ರೆ ಸರಿಸಿ, ತೊಟ್ಟಿಗೆ ಸುರಿದು, ಬಗ್ಗಿ ಗೆರೆ ನೋಡಿ, ಇನ್ನೊಂದು ಚೊಂಬು ಹಾಕಿ ಸರಿಮಾಡಿದಳು. ಎರಡನೆಯ ಪಂಕ್ತಿ ಎದ್ದ ಮೇಲೆ ಇನ್ನೊಬ್ಬಳು ಹಾಗೇ ಮಾಡಿದಳು.

"ಯಾರು ಹೇಳ್ಯಾರ ನಿಮಗ ಹಿಂಗ ಮಾಡ್ರಿ ಅಂತ?" ಅಂದೆ. 

"ಮಾವಶಿ ಹೇಳ್ಯಾರ್ರಿ. ಚಳಿಗಾಲದಾಗ ತಣ್ಣೀರಿಗಿ ಜಿಡ್ಡು ಹೋಗಂಗಿಲ್ಲ, ಇಲ್ಲಿ ಬಿಸಿನೀರು ಅದ, ತೊಗೋರಿ. ತೊಗೊಂಡಷ್ಟು ತಣ್ಣೀರು ಹಾಕ್ರಿ, ಹಿಂದ ಬರೋರಿಗಿ ಇರಬೇಕು ಅಂತ." ಸ್ವಲ್ಪ ತಡೆದು ಸೇರಿಸಿದಳು: "ನೀವ ಹೇಳಿದ್ರಂತಲ್ರಿ ಅಕ್ಕಾರ. ಇದು ಮೇರಿಬಾಯಿ ಹಂಡೆ, ಗೆರಿಗಿಂತ ಕೆಳಗ ಇಳೀಬಾರದು ಅಂತ."

ನಾನು ಅಲ್ಲೇ ಅಕ್ಕಿಯ ಚೀಲದ ಮೇಲೆ ಕೂತೆ.

ಧಾರವಾಡದ ನಮ್ಮ ಮನೆಯ ಬಚ್ಚಲಲ್ಲೂ ತಾಮ್ರದ ಹಂಡೆಯಿತ್ತು. ಬಿಸಿನೀರು ತೋಡಿಕೊಂಡವರು ಅಷ್ಟೇ ತಣ್ಣೀರು ಹಾಕಿಯೇ ಹೊರಗೆ ಬರಬೇಕು. ಮರೆತು ಬಂದರೆ ಒದ್ದೆ ತಲೆಯಲ್ಲೇ ಅಜ್ಜಿ ವಾಪಸು ಕಳಿಸುತ್ತಿದ್ದಳು. ಖಾಲಿ ಹಂಡೆ ಬಿಟ್ಟು ಬಂದವಳು ಎಂದರೆ ತನ್ನದಾದರೆ ಸಾಕು ಎನ್ನುವವಳು ಎಂದರ್ಥ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಅದಕ್ಕಿಂತ ಕೆಟ್ಟ ಹೆಸರು ಬೇಕಿರಲಿಲ್ಲ. ಹಂಡೆ ಎಂದ ಕೂಡಲೇ ಈ ಹೆಂಗಸರಿಗೆ ಏನೇನು ನೆನಪಾಗುತ್ತದೆ ಎಂದು ನನಗೆ ಗೊತ್ತಾಗಬೇಕಿತ್ತು, ಏಕೆಂದರೆ ನನಗೂ ಅದೇ ನೆನಪಾಗುತ್ತದೆ. ಅವರು ನನ್ನ ಸೂಚನೆಯನ್ನು ಮೀರಿರಲಿಲ್ಲ. ಅಕ್ಷರಶಃ ಪಾಲಿಸಿದ್ದರು. ಎರಡು ಪಂಕ್ತಿಯ ನಡುವೆ ಬಕೆಟ್‌ಗಟ್ಟಲೆ ತಣ್ಣೀರು ಬಿದ್ದರೆ ಕಾಯಿಲ್ ಪಾಪ ಏನು ಮಾಡೀತು.

ಅಂದೇ ಎಲ್ಲರನ್ನೂ ಕರೆದು ನೀರು ತೆಗೆಯುವುದನ್ನು ನಿಲ್ಲಿಸಿದೆ. ಮರುದಿನ ಒಂದೂಕಾಲಿಗೆ ಎಪ್ಪತ್ತು. ಅದರ ಮರುದಿನ ಎಪ್ಪತ್ತೊಂದು. ನೀಲಿ ಶಾಯಿ. ಆಫೀಸರು ಕ್ಯಾಂಟೀನಿಗೇ ಬಂದು ಪುಟ ನೋಡಿ, "ಬರೋಬರ್ ಕಾರಣ ಹಿಡಿದಿರಿ. ಒಬ್ಬರನ್ನು ಸರಿಸಿದರೆ ಎಲ್ಲ ಸರಿಯಾಯಿತು ನೋಡಿ," ಎಂದರು. ನನ್ನ ಪ್ರೊಬೇಶನ್ನಿನ ಬಗ್ಗೆ ಚಿಂತೆ ಬೇಡ ಎಂಬರ್ಥದ ಇನ್ನೊಂದು ಮಾತನ್ನೂ ಆಡಿದರು.

ನಾನು ತಲೆಯಾಡಿಸಿದೆ.

ಆ ಎರಡು ದಿನಗಳನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ನಾನು ಸುಮ್ಮನಿದ್ದರೆ ಸಾಕಿತ್ತು. ಮಾವಶಿ ಹೋದ ಮೇಲೆ ಬಿಸಿ ನಿಂತಿತು ಎಂದು ನನ್ನದೇ ರಜಿಸ್ಟರು ಸಾಕ್ಷಿ ಹೇಳುತ್ತಿತ್ತು. ಹೆಂಗಸರು ಯಾರ ಮುಂದೆಯೂ ಬಾಯಿ ಬಿಡುತ್ತಿರಲಿಲ್ಲ, ಅವರಿಗೂ ಅವರ ಕೆಲಸದ ಭಯ. ಅವರ ನೋಟ ಮಾತ್ರ ಬದಲಾಗಿತ್ತು. ಅಕ್ಕಾರ ಎನ್ನುತ್ತಿದ್ದವರು ಮ್ಯಾಡಮ್ ಎನ್ನತೊಡಗಿದ್ದರು. ಲೋಕಲಿನ ಕಿಟಕಿ ಪಕ್ಕ ಕೂತು, ಮನೆಯ ಬಾಡಿಗೆ, ಅಪ್ಪನ ಮಂಡಿನೋವು, ಬೇರೆ ಕೆಲಸ ಸಿಗುವ ಕಷ್ಟ ಎಲ್ಲವನ್ನೂ ಎಣಿಸಿ ನನ್ನ ಪರವಾಗಿ ನಾನೇ ವಾದಿಸಿದೆ. ಆಕೆ ನೀರು ತೆಗೆದದ್ದಂತೂ ನಿಜ ತಾನೇ ಎಂದೂ ಅಂದುಕೊಂಡೆ. ಆದರೆ ವರದಿಯಲ್ಲಿ ನಾನು ಬರೆದದ್ದು ಅಷ್ಟೇ ಆಗಿರಲಿಲ್ಲ. ಖಾಲಿ ಇಟ್ಟಳು ಎಂದು ಬರೆದಿದ್ದೆ. ನೋಡದೆ ಬರೆದಿದ್ದೆ.

ಮೂರನೆಯ ದಿನ ಊಟದ ಬಿಡುವಿನಲ್ಲಿ ಎರಡನೆಯ ಪತ್ರ ಬರೆದೆ. ಮೊದಲ ವರದಿ ತಪ್ಪು, ಸೂಚನೆ ಕೊಡುವಾಗ ನಾನು ಬಳಸಿದ ಹೋಲಿಕೆಯಿಂದಲೇ ಈ ರೂಢಿ ಶುರುವಾಯಿತು, ಅಡುಗೆಯಾಕೆ ನಾನು ಹೇಳಿದಂತೆಯೇ ನಡೆದುಕೊಂಡಿದ್ದಾಳೆ, ಪಾತ್ರೆ ತೊಳೆಯಲು ಬೇರೆ ಬಿಸಿನೀರಿನ ವ್ಯವಸ್ಥೆ ಆಗಬೇಕು ಎಂದೆಲ್ಲ ಬರೆದು, ಕೊಡುವ ಮೊದಲು ಆಕೆಯ ಮನೆಗೆ ಹೋದೆ. ತಳೇಗಾಂವ ಸ್ಟೇಶನ್ನಿನ ಹಿಂದೆ ಸಾಲು ಖೋಲಿಗಳಲ್ಲಿ ಒಂದು. ಹೊಸ್ತಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು.

"ಬರ್ರಿ ಅಕ್ಕಾರ," ಎಂದು ಚಾಪೆ ಹಾಸಿದಳು. ಮೂರು ದಿನದ ಮೇಲೆ ಆ ಮಾತು ಕಿವಿಗೆ ಬಿದ್ದು ಕಣ್ಣು ತುಂಬಿತು. ತಪ್ಪಾಯಿತು ಎಂದೆ. ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದೆ. 

"ಮೊದಲಿನ ಕಾಗದದಾಗ ಏನ್ ಬರದಿದ್ರಿ?"

ಹೇಳದೆ ವಿಧಿಯಿರಲಿಲ್ಲ. "ನೀರು ಬಿಟ್ಟು ತೊಟ್ಟಿ ಖಾಲಿ ಇಡತಿದ್ರು ಅಂತ."

ಶೇಂಗಾ ಸುಲಿಯುವ ಕೈ ನಿಂತಿತು. 

"ನೀರು ತೊಗೊಂಡೀನಿ, ಖರೇ. ನೀವು ಕೇಳಿದಾಗ ಹೌದು ಅಂದೀನಿ. ಅದು ತಪ್ಪು ಅಂದ್ರ ಕೆಲಸ ತೆಗೀರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಖಾಲಿ ಯಾವತ್ತು ಬಿಟ್ಟೀನ್ರಿ? ಒಂದ ದಿನ ಬಿಟ್ಟೀನೇನು? ಇಷ್ಟು ವರ್ಷದಾಗ ನಮ್ಮತ್ತಿ ಸುದ್ದಾ ನನಗ ಆ ಮಾತು ಅಂದಿಲ್ರಿ."

ನಾನು ಪೆನ್ನು ತೆಗೆದು ಪತ್ರದ ಕೊನೆಗೆ, ಸಹಿಯ ಮೇಲೆ ಇನ್ನೊಂದು ಸಾಲು ಬರೆದೆ: ಆಕೆ ತೊಟ್ಟಿಯನ್ನು ಒಂದು ಸಲವೂ ಖಾಲಿ ಬಿಟ್ಟಿಲ್ಲ. ಅದನ್ನೂ ಓದಿ ಹೇಳಿದೆ. "ಹಾಂ," ಅಂದಳು. ಆಮೇಲೆ ಚಹಾಕ್ಕಿಟ್ಟಳು.

ಆಫೀಸರು ಪತ್ರವನ್ನು ಎರಡು ಸಲ ಓದಿದರು. "ಇದು ನಿಜವಾದರೆ ನೀವು ವಿಚಾರಿಸದೆ ಸಹಿ ಹಾಕಿದ್ದೀರಿ ಎಂದಾಯಿತು. ಗೊತ್ತಿದೆಯಲ್ಲ?" ಗೊತ್ತಿದೆ ಎಂದೆ.  ಅವರು ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ಇದಕ್ಕೂ ಬಿಸಿ ಇಳಿದದ್ದಕ್ಕೂ ಸಂಬಂಧವಿಲ್ಲ, ತೆಗೆದುಬಿಡಿ, ಪತ್ರ ಚೊಕ್ಕವಾಗಿರುತ್ತದೆ ಎಂದರು. ಆ ಸಾಲು ಇರಲಿ ಸರ್ ಎಂದೆ. ಅವರು ನನ್ನ ಮುಖ ನೋಡಿ, ನಿಟ್ಟುಸಿರುಬಿಟ್ಟು ಪತ್ರವನ್ನು ಫೈಲಿಗೆ ಸೇರಿಸಿದರು. ನನ್ನ ಪ್ರೊಬೇಶನ್ ಇನ್ನಾರು ತಿಂಗಳು ಮುಂದೆ ಹೋಯಿತು. ಪಾತ್ರೆ ತೊಳೆಯುವ ಕಡೆ ಗ್ಯಾಸಿನ ಒಲೆ, ಅದರ ಮೇಲೊಂದು ದೊಡ್ಡ ಹಂಡೆ ಬಂತು. ಹೊರದೇಶದವರು ಬಂದು, ಐದು ನಿಮಿಷ ಕ್ಯಾಂಟೀನು ನೋಡಿ, ರಜಿಸ್ಟರು ಕೇಳದೆಯೇ ಹೋದರು.

ಮಾವಶಿ ಕೆಲಸಕ್ಕೆ ಮರಳಿದ್ದು ಅವರು ಬರುವುದಕ್ಕೂ ಮೊದಲಿನ ಒಂದು ಸೋಮವಾರ. ಆಕೆ ಇಲ್ಲದ ದಿನಗಳಲ್ಲಿ ಬೆಳಗ್ಗೆ ತೊಟ್ಟಿ ತುಂಬಿಸುವ ಕೆಲಸವನ್ನು ಯಾರಿಗೂ ಬಿಡದೆ ನಾನೇ ಮಾಡುತ್ತಿದ್ದೆ. ಅಂದೂ ತುಂಬಿಸಿಟ್ಟು ಸ್ವಿಚ್ಚಿನ ಕಡೆ ತಿರುಗಿದ್ದೆ. ಆಕೆ ಬಂದವಳೇ ಸೆರಗು ಸಿಕ್ಕಿಸಿಕೊಂಡು, ಮುಚ್ಚಳ ಸರಿಸಿ, ಬಗ್ಗಿ ನೋಡಿದಳು.

"ಇದನ್ನ ಯಾರು ತುಂಬಿಸ್ಯಾರ್ರಿ?"

"ನಾನ."

"ಒಂದು ಬೆರಳು ಕಡಿಮಿ ಅದರಿ ಅಕ್ಕಾರ," ಎಂದು ಚೊಂಬು ತರಲು ಹೋದಳು.